ಕಾಟಾದಿಂದ ಮ್ಯಾಟಿಗೆ ಎಷ್ಟು ಹೊತ್ತು? ಮೊದಲು ಅದನ್ನು ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕುಸ್ತಿ ಹುಡುಗರದ್ದು. ಅದರಲ್ಲೂ ಹೆಚ್ಚಿನವು ಒಂದೇ: ಸ್ಪರ್ಧೆಗೆ ಎಷ್ಟು ಕಿಲೋ ಇಳಿಸಬೇಕು? ಬೆಳಗಾವಿಯ ನನ್ನ ಕ್ಲಿನಿಕ್‌ನಲ್ಲಿ ಇದನ್ನೇ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಹಾಗಾಗಿ ಒಂದು ಪತ್ರಕ್ಕೆ ಉದ್ದ ಉತ್ತರ ಕೊಡುತ್ತೇನೆ. ಉಳಿದವರಿಗೆ ಗಿಡ್ಡ ಉತ್ತರ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 21 ವರ್ಷ, ಮುಧೋಳ ಕಡೆಯವನು, ಫ್ರೀಸ್ಟೈಲ್ ಆಡುತ್ತೇನೆ. ಇನ್ನು 20 ದಿನಕ್ಕೆ ಆಯ್ಕೆ ಸ್ಪರ್ಧೆ. ಬೆಳಗ್ಗೆ 8ಕ್ಕೆ ತೂಕ, 10ಕ್ಕೆ ಕುಸ್ತಿ ಶುರು, ಎಲ್ಲ ಒಂದೇ ದಿನ. ನಿನ್ನೆ ಸಂಜೆ ಗೊಬ್ಬರದ ಅಂಗಡಿ ಕಾಟಾದ ಮೇಲೆ ನಿಂತರೆ 78.6 ಬಂತು. 74 ಕಿಲೋ ವಿಭಾಗಕ್ಕೆ ಇಳಿಯಲಾ, 79 ಕಿಲೋ ವಿಭಾಗದಲ್ಲೇ ಆಡಲಾ? ನಮ್ಮ ಗರಡಿಯ ಗುರು ವಸ್ತಾದರು ‘ಐದು ಕಿಲೋ ಏನು ಮಹಾ, ಕೊನೇ ಎರಡು ದಿನ ನೀರು ಬಿಡು’ ಅಂತಾರೆ. ಒಲಿಂಪಿಕ್ಸ್ ಕಂಚು ಗೆದ್ದ ಕುಸ್ತಿಪಟು ಅಮನ್ ಸೆಹ್ರಾವತ್ ಒಂದೇ ರಾತ್ರಿಯಲ್ಲಿ 4.6 ಕಿಲೋ ಇಳಿಸಿದ್ದರಲ್ಲ?

ಉತ್ತರ: ಅಮನ್ ವಿಷಯ ಮೊದಲು ಮುಗಿಸೋಣ, ಯಾಕೆಂದರೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಆದಾಗಿನಿಂದ ಪ್ರತಿಯೊಬ್ಬನೂ ನನಗೆ ಅವರ ಹೆಸರನ್ನೇ ಹೇಳುತ್ತಾನೆ. ಅಮನ್ ಪದಕದ ಕುಸ್ತಿಯ ಹಿಂದಿನ ದಿನ ಬೆಳಗ್ಗೆ ತಮ್ಮ ವಿಭಾಗದ ಮಿತಿಯಾದ 57 ಕಿಲೋ ತೂಗಿಯೇ ಕಣಕ್ಕೆ ಇಳಿದವರು. ದಿನವಿಡೀ ಉಂಡರು, ಕುಡಿದರು, ಸಂಜೆಗೆ 61.5 ಆದರು. ರಾತ್ರಿ ಇಳಿಸಿದ್ದರಲ್ಲಿ ಬಹುಪಾಲು ಹಗಲು ಹೊಟ್ಟೆಗೆ ಹೋದ ನೀರು ಮತ್ತು ಊಟ. ಅದೂ ರಾತ್ರಿಯಿಡೀ ಕೋಚ್‌ಗಳು ಪಕ್ಕದಲ್ಲೇ ನಿಂತಿದ್ದರು. ಅದೇ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಕೂಡ ರಾತ್ರಿಯಿಡೀ ಬೆವರು ಹರಿಸಿದರು, ಕೂದಲನ್ನೂ ಕತ್ತರಿಸಿದರು. ಫೈನಲ್ ದಿನ ಬೆಳಗ್ಗೆ ಮಿತಿಗಿಂತ 100 ಗ್ರಾಂ ಜಾಸ್ತಿ ಬಂತು, ಅನರ್ಹರಾದರು, ಪದಕ ಹೋಯಿತು. ಒಲಿಂಪಿಕ್ ತಂಡದ ಡಾಕ್ಟರು, ಆಹಾರ ತಜ್ಞರು ಎಲ್ಲ ಇದ್ದಾಗಲೇ ಹೀಗೆ. ನಿಮ್ಮ ಜೊತೆ ಯಾರಿರುತ್ತಾರೆ? ಒಬ್ಬ ಗೆಳೆಯ, ಒಂದು ಟವೆಲ್.

ಇನ್ನು ವಸ್ತಾದರ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ತಮ್ಮ ಕಾಲದ ಮಾತು ಹೇಳುತ್ತಿದ್ದಾರೆ. ಮೊದಲು ತೂಕ ಹಿಂದಿನ ದಿನವೇ ಆಗುತ್ತಿತ್ತು. ರಾತ್ರಿ ಪೂರ್ತಿ ಸಿಗುತ್ತಿತ್ತು: ನೀರು, ಅನ್ನ, ನಿದ್ದೆ. 2018ರಿಂದ ಅಂತರರಾಷ್ಟ್ರೀಯ ನಿಯಮವೇ ಬದಲಾಯಿತು. ಈಗ ತೂಕ ಆಡುವ ದಿನ ಬೆಳಗ್ಗೆ. ಎರಡು ದಿನದ ಸ್ಪರ್ಧೆ ಆದರೆ ಎರಡೂ ಬೆಳಗ್ಗೆ. ಐದು ಕಿಲೋ ನೀರು ಬಿಟ್ಟು ಹಿಂದಿನ ಸಂಜೆ ತೂಗಿದವನಿಗೆ ಅದನ್ನು ತುಂಬಿಕೊಳ್ಳಲು ಒಂದು ರಾತ್ರಿ ಇತ್ತು. ನಿಮಗಿರುವುದು ಎರಡು ಗಂಟೆ. ಗಂಟೆಗೆ ಒಂದು ಲೀಟರ್ ಆಸುಪಾಸು ಮಾತ್ರ ಹೊಟ್ಟೆ ಹೀರಿಕೊಳ್ಳುತ್ತದೆ, ಅದೂ ಎಲ್ಲ ಸರಿಯಿದ್ದರೆ. ಜಾಸ್ತಿ ಸುರಿದರೆ ಮ್ಯಾಟ್ ಮೇಲೆ ಹೊಟ್ಟೆ ಕುಲುಕುತ್ತದೆ, ಇಲ್ಲಾ ವಾಂತಿ. ಹಾಗಾಗಿ ‘ಎಷ್ಟು ಕಿಲೋ’ ಅನ್ನುವ ಪ್ರಶ್ನೆಗಿಂತ ಮೊದಲು ಕೇಳಬೇಕಾದ್ದು ಕಾಟಾಕ್ಕೂ ಕುಸ್ತಿಗೂ ನಡುವೆ ಎಷ್ಟು ಗಂಟೆ ಅಂತ. ಎರಡು ಗಂಟೆಯ ಸ್ಪರ್ಧೆಗೆ ನನ್ನ ಲೆಕ್ಕ ಇದು: ಕೊನೇ ಮೂರು ದಿನದಲ್ಲಿ ಇಳಿಯುವುದು ದೇಹದ ತೂಕದ ನೂರಕ್ಕೆ ಎರಡು ಭಾಗ ಮೀರಬಾರದು. ಬೇರೆ ಡಾಕ್ಟರು ಸ್ವಲ್ಪ ಜಾಸ್ತಿ ಹೇಳಬಹುದು. ನಾನು ಹೇಳುವುದಿಲ್ಲ.

ಈಗ ನಿಮ್ಮ ಕಾಟಾಕ್ಕೆ ಬರೋಣ. ಗೊಬ್ಬರದ ಮೂಟೆ ತೂಗುವ ಕಾಟಾ, ಅದೂ ಸಂಜೆ, ಬಹುಶಃ ಬಟ್ಟೆ ಹಾಕಿಕೊಂಡೇ. ಆ ಅಂಕಿಯನ್ನು ಬಿಟ್ಟುಬಿಡಿ. ಒಂದು ಡಿಜಿಟಲ್ ಕಾಟಾ ತಂದು ಗಟ್ಟಿ ನೆಲದ ಮೇಲೆ ಇಡಿ. ದಿನಾ ಬೆಳಗ್ಗೆ ಸಂಡಾಸ್ ಮುಗಿಸಿ, ಬರೀ ಲಂಗೋಟದಲ್ಲಿ, ನೀರು ಕುಡಿಯುವ ಮೊದಲು ತೂಗಿ ಬರೆದಿಡಿ. ಸಂಜೆಗಿಂತ ಒಂದು, ಒಂದೂವರೆ ಕಿಲೋ ಕಡಿಮೆ ಬರುತ್ತದೆ. 77.2 ಅಂತ ಇಟ್ಟುಕೊಳ್ಳೋಣ. ಅಲ್ಲಿಗೆ 74ಕ್ಕೆ 3.2 ಕಿಲೋ ಬಾಕಿ, ನೂರಕ್ಕೆ ನಾಲ್ಕು ಭಾಗದಷ್ಟು. ಪೂರಾ ನೀರಿನಲ್ಲಿ ತೆಗೆದರೆ ಎರಡನೇ ಪೀರಿಯಡ್‌ನಲ್ಲಿ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಆದರೆ 20 ದಿನ ಇದೆಯಲ್ಲ, ಅದನ್ನು ಬಳಸಿಕೊಳ್ಳಿ.

ಮೊದಲ 17 ದಿನ ಕೊಬ್ಬಿಗೆ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಒಂದೂವರೆ ಕಿಲೋ ಇಳಿಸಲು ದಿನಕ್ಕೆ 700ರ ಹತ್ತಿರ ಕಡಿಮೆ ಮಾಡಬೇಕು. ನಮ್ಮ ಪೈಲ್ವಾನರ ಖುರಾಕಿನಲ್ಲಿ ಇದು ಕಷ್ಟವೇ ಅಲ್ಲ. ರಾತ್ರಿಯ ಅರ್ಧ ಲೀಟರ್ ಎಮ್ಮೆ ಹಾಲು ಮತ್ತು ಎರಡು ದೊಡ್ಡ ಚಮಚ ತುಪ್ಪ ಬಿಟ್ಟರೆ ಅಷ್ಟು ಆಗಿಹೋಯಿತು. ಬಾದಾಮಿ ತಂಡಾಯಿಯೂ ಈಗ ಬೇಡ. ಮೊಟ್ಟೆ, ಬೇಳೆ, ಮೊಸರು ಬಿಡಬೇಡಿ, ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನೀರು ಎಂದಿನಂತೆ ಕುಡಿಯಿರಿ. ತಾಲೀಮಿಗೆ ಮೊದಲಿನ ಊಟ ಕಡಿಮೆ ಮಾಡಬೇಡಿ.

ಕೊನೇ ಮೂರು ದಿನ ಹೊಟ್ಟೆಗೆ. ಇದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡುವುದಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೊಪ್ಪು ಇವೆಲ್ಲ ಒಳ್ಳೆಯ ಊಟ, ಆದರೆ ನಾರು ಜಾಸ್ತಿ, ಕರುಳಿನಲ್ಲಿ ಎರಡು ದಿನ ಕೂರುತ್ತದೆ. ಮೂರು ದಿನ ರೊಟ್ಟಿ ಬಿಟ್ಟು ಬಿಳಿ ಅನ್ನ, ಮೊಸರು, ಮೊಟ್ಟೆ ಅಷ್ಟೇ ಉಂಡರೆ ಅರ್ಧದಿಂದ ಮುಕ್ಕಾಲು ಕಿಲೋ ತಾನಾಗಿ ಇಳಿಯುತ್ತದೆ, ಶಕ್ತಿ ಹೋಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ಮುಟ್ಟಬೇಡಿ. ಉಪ್ಪು ಕಡಿಮೆಯಾದರೆ ದೇಹ ಹಿಡಿದಿಟ್ಟ ನೀರೂ ಸ್ವಲ್ಪ ಬಿಡುತ್ತದೆ. ಅನ್ನವನ್ನೂ ಒಂದು ಮುಷ್ಟಿ ಕಡಿಮೆ ಮಾಡಬಹುದು. ಅನ್ನದಿಂದ ಬಂದು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಗೆ ಗ್ಲೈಕೋಜನ್ ಅನ್ನುತ್ತಾರೆ, ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಪೂರ್ತಿ ಬಿಡಬೇಡಿ, ಕುಸ್ತಿ ಆಡುವುದು ಅದರ ಮೇಲೆಯೇ. ಕೊನೇ ರಾತ್ರಿ ನೀರು ಗುಟುಕು ಗುಟುಕಾಗಿ. ಬೆಳಗ್ಗೆ 300, 400 ಗ್ರಾಂ ಉಳಿದಿದ್ದರೆ ಹಗುರ ಬೆವರು ಸಾಕು.

ಕೂಡಿಸಿ ನೋಡಿ, ನೀವು ಅಂಚಿನಲ್ಲೇ ಇದ್ದೀರಿ. ಆದ್ದರಿಂದ ಒಂದು ಗೆರೆ ಹಾಕಿಕೊಳ್ಳಿ. ಮೂರು ದಿನ ಬಾಕಿ ಇರುವಾಗ ಬೆಳಗಿನ ತೂಕ 75.5 ಅಥವಾ ಕಡಿಮೆ ಇದ್ದರೆ 74. 75.6 ಇದ್ದರೂ 79, ಚೌಕಾಸಿ ಇಲ್ಲ. ಹೆಸರು ಮೊದಲೇ ಕೊಡಬೇಕು ಅಂದರೆ ಆ ದಿನ ಎಲ್ಲಿದ್ದೀರಿ ನೋಡಿ, ವಾರಕ್ಕೆ ಅರ್ಧ ಕಿಲೋ ಚಿಲ್ಲರೆ ಇಳಿಯುತ್ತದೆ ಅಂತ ಲೆಕ್ಕ ಹಾಕಿ. ಅನುಮಾನ ಬಂದರೆ 79ಕ್ಕೆ ಕೊಡಿ.

ನನ್ನನ್ನೇ ಕೇಳಿದರೆ? ಇದು ನಿಮ್ಮ ಮೊದಲ ದೊಡ್ಡ ಸ್ಪರ್ಧೆ ಆಗಿದ್ದರೆ 79ರಲ್ಲಿ ಹೊಟ್ಟೆ ತುಂಬ ಉಂಡು ಆಡಿ ಅಂತ ಹೇಳುತ್ತೇನೆ. ಎದುರಾಳಿ ಎರಡು ಕಿಲೋ ಜಾಸ್ತಿ ಇರಬಹುದು, ಇರಲಿ. ಬಾಯಿ ಒಣಗಿ, ತಲೆ ಸುತ್ತುತ್ತಾ ಆರು ನಿಮಿಷ ಆಡುವುದಕ್ಕಿಂತ ಅದು ಎಷ್ಟೋ ವಾಸಿ. ಇದುವರೆಗೆ ಯಾರ ಜೊತೆ ಸೋತಿರಿ, ತೂಕಕ್ಕೆ ಸೋತಿರಾ ಎದುರಾಳಿಯ ಪಟ್ಟುಗಳಿಗೆ ಸೋತಿರಾ, ಅದನ್ನೂ ಯೋಚಿಸಿ.

ತೂಕ ಆದ ಕೂಡಲೇ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ, ನಿಧಾನವಾಗಿ ಕುಡಿಯಿರಿ. ಜೊತೆಗೆ ಬಾಳೆಹಣ್ಣು, ಮೆತ್ತಗಿನ ಅನ್ನ, ಒಂದು ತುಂಡು ಬೆಲ್ಲ. ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪದ ಹೋಳಿಗೆ ಕುಸ್ತಿ ಮುಗಿದ ಮೇಲೆ.

ಪ್ರಶ್ನೆ: ಗೆಳೆಯರು ಮೂತ್ರ ಜಾಸ್ತಿ ಮಾಡುವ ಲ್ಯಾಸಿಕ್ಸ್ ಮಾತ್ರೆ ತಗೋ ಅಂತಾರೆ. ಒಂದೇ ಒಂದು ತಗೊಂಡರೆ ಏನಾಗುತ್ತದೆ? (ವಿಜಯಪುರ)

ಉತ್ತರ: ಮೂತ್ರದ ಜೊತೆ ಪೊಟ್ಯಾಸಿಯಂ ಹೋಗುತ್ತದೆ, ಹೃದಯದ ಬಡಿತ ತಪ್ಪಬಹುದು. ಡೋಪಿಂಗ್ ಪಟ್ಟಿಯಲ್ಲಿ ಅದು ಸದಾ ನಿಷೇಧ, ಸಿಕ್ಕಿಬಿದ್ದರೆ ವರ್ಷಗಟ್ಟಲೆ ಮನೆಯಲ್ಲಿ. ಚೀಟಿ ಇಲ್ಲದೆ ಇದನ್ನು ಕೊಡುವ ಔಷಧಿ ಅಂಗಡಿಯವರಿಗೆ ನಾಚಿಕೆಯಾಗಬೇಕು. ತೂಕ ಆದ ಮೇಲೆ ಸಲೈನ್ ಏರಿಸಿಕೊಳ್ಳುವವರಿಗೂ ಹೇಳುತ್ತೇನೆ: ಆಸ್ಪತ್ರೆಯ ಚಿಕಿತ್ಸೆ ಬಿಟ್ಟರೆ 12 ಗಂಟೆಗೆ 100 ಮಿಲಿಗಿಂತ ಜಾಸ್ತಿ ನಿಷೇಧ. ಸುಮ್ನೆ ಶಕ್ತಿಗೆ ಅಂತ ಬಾಟಲಿ ಹಾಕುವವರು ಡಾಕ್ಟರಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಮಧ್ಯಾಹ್ನ ಓಡಿದರೆ ಕೊಬ್ಬು ಕರಗುತ್ತದಾ?

ಉತ್ತರ: ಕರಗುವುದಿಲ್ಲ. ಹೋಗುವುದು ನೀರು. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ, ಮೇಲೆ ಪ್ಲಾಸ್ಟಿಕ್ ಬೇರೆ! 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ತೂಕ ಇಳಿಸುತ್ತಾ ಸತ್ತರು, ಐದು ವಾರದೊಳಗೆ. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟ್, ಸೌನಾ ಎರಡನ್ನೂ ನಿಷೇಧಿಸಿದರು.

ಪ್ರಶ್ನೆ: ಜಾತ್ರೆಯ ನಿಕಾಲಿ ಕುಸ್ತಿಗೆ (ಸೋಲು ಗೆಲುವು ತೀರ್ಮಾನ ಆಗುವವರೆಗೆ ಆಡುವ ಕುಸ್ತಿ) ಎಷ್ಟು ಇಳಿಸಲಿ?

ಉತ್ತರ: ಅಲ್ಲಿ ಕಣ್ಣಳತೆಯಲ್ಲಿ ಜೋಡಿ ಹಾಕುತ್ತಾರೆ. ಉಂಡು ಹೋಗಿ.

ಪ್ರಶ್ನೆ: ನಿಂಬೆ, ಜೇನು, ಬಿಸಿನೀರು?

ಉತ್ತರ: ರುಚಿಯಾಗಿರುತ್ತದೆ.

ಪ್ರಶ್ನೆ: ಮಗನಿಗೆ 13 ವರ್ಷ. ಮೂರು ಕಿಲೋ ಇಳಿಸಿದರೆ ಪದಕ ಖಂಡಿತ ಅಂತ ಕೋಚ್ ಹೇಳುತ್ತಾರೆ. ಎರಡು ದಿನದಿಂದ ರಾತ್ರಿ ಊಟ ಕೊಟ್ಟಿಲ್ಲ. ಸರೀನಾ? (ಬಾಗಲಕೋಟೆ)

ಉತ್ತರ: ತಪ್ಪು. ಇವತ್ತೇ ಊಟ ಕೊಡಿ ತಾಯಿ. ಬೆಳೆಯುವ ವಯಸ್ಸು, ಆರು ತಿಂಗಳಲ್ಲಿ ಅವನ ವಿಭಾಗವೇ ಬೇರೆಯಾಗಿರುತ್ತದೆ. 18 ಆಗುವವರೆಗೆ ನನ್ನ ಬಳಿ ಬರುವ ಯಾವ ಹುಡುಗನಿಗೂ, ಹುಡುಗಿಗೂ ತೂಕ ಇಳಿಸಲು ನಾನು ಒಪ್ಪುವುದಿಲ್ಲ, ಅರ್ಧ ಕಿಲೋ ಕೂಡ. ಅವನು ಈಗ ಎಷ್ಟು ತೂಗುತ್ತಾನೋ ಆ ವಿಭಾಗದಲ್ಲೇ ಆಡಲಿ. ಕೋಚ್‌ಗೆ ಈ ಉತ್ತರ ಓದಿ ಹೇಳಿ. ಆಮೇಲೂ ಕೇಳದಿದ್ದರೆ ಗರಡಿ ಬದಲಿಸಿ.