ಅಮ್ಮನ ಹರಕೆ ಬಾಕಿ ಉಂಟು ಅಂತ ಹೆದರಿ ಬಂದವರು

ನಾನು ಕೌನ್ಸೆಲಿಂಗ್ ಮಾಡುವವಳು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬರುವವರಲ್ಲಿ ಈ ತರದ್ದು ಮತ್ತೆ ಮತ್ತೆ ಕಾಣ್ತಾ ಉಂಟು, ಅದಕ್ಕೇ ಬರೀತಾ ಇದ್ದೇನೆ. ತುಂಬಾ ದೈವಭಕ್ತಿ ಇದ್ದ ಅಮ್ಮ ತೀರಿಕೊಳ್ತಾರೆ, ಮಕ್ಕಳಿಗೆ ಸರಿಯಾಗಿ ಅಳ್ಲಿಕ್ಕೂ ಪುರ್ಸೊತ್ತು ಸಿಕ್ಕಿರುವುದಿಲ್ಲ, ಅಷ್ಟರಲ್ಲಿ ಅಮ್ಮನ ಹರಕೆ ಬಾಕಿ ಉಂಟು, ತೀರಿಸದಿದ್ರೆ ಮಕ್ಕಳಿಗೆ ತೊಂದರೆ ಅಂತ ಯಾರಾದ್ರೂ ಹೇಳಿ ಆಗಿರ್ತದೆ. ಅಂಥ ಒಬ್ಬರ ವಿಷಯ ಇದು, ಅವರ ಒಪ್ಪಿಗೆ ತಗೊಂಡಿದ್ದೇನೆ, ಗುರುತು ಸಿಗುವಂಥದ್ದು ಬದಲಿಸಿದ್ದೇನೆ.

ನಲ್ವತ್ತರ ಹತ್ತಿರದವರು, ಅಡಿಕೆ ತೋಟ ಉಂಟು. ಅಮ್ಮ ಹೋಗಿ ಏಳೆಂಟು ತಿಂಗಳು, ರಾತ್ರಿ ನಿದ್ದೆ ಇಲ್ಲ. ಡಾಕ್ಟರ ಹತ್ರ ಮಲಯಾಳದಲ್ಲಿ ನಿದ್ದೆಯ ವಿಷಯ ಮಾತ್ರ ಹೇಳಿದ್ದಂತೆ, ಅಮ್ಮನ ವಿಷಯ ಬಾಯಿಗೇ ಬರ್ಲಿಲ್ಲ. ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಅಮ್ಮ ನಾಣ್ಯ ಇಟ್ಟು ಕಟ್ಟಿದ ಬಟ್ಟೆಯ ಗಂಟುಗಳು ಸಿಕ್ಕಿದ್ವು. ಮುಡಿಪು, ಅಂದ್ರೆ ದೇವರಿಗೆ ಅಂತ ಹೇಳಿಕೊಂಡು ತೆಗೆದಿಟ್ಟ ಹರಕೆಯ ಕಾಣಿಕೆ. ಯಾವ ದೇವರಿಗೆ, ಯಾತಕ್ಕೆ, ಒಂದೂ ಗೊತ್ತಿಲ್ಲ. ಅಣ್ಣ ಜೋಯಿಸರ ಹತ್ರ ಪ್ರಶ್ನೆ ಇಡಿಸಿದ್ರು, ಹರಕೆ ಬಾಕಿ ಅಂತ ಬಂತು. ಆಮೇಲೆ ಇವರು ಕೊಲ್ಲೂರು, ಕಟೀಲು, ಸುಬ್ರಹ್ಮಣ್ಯ, ಧರ್ಮಸ್ಥಳ ಅಂತ ತಿರುಗಿದ್ದೇ ತಿರುಗಿದ್ದು. ಒಂದು ಕಡೆ ಮುಗಿಸಿ ಬಂದ್ರೆ ಇನ್ನೊಂದು ಬಿಟ್ಟುಹೋಯ್ತೇನೋ ಅಂತ ಸಂಶಯ.

ಒಂದು ದಿನ ನಾನು, ಗಂಟಿನ ವಿಷಯ ಇವತ್ತು ಬೇಡ, ಅಮ್ಮ ಮಧೂರಿನ ಗಣಪತಿ ದೇವಸ್ಥಾನಕ್ಕೆ ಹೇಗೆ ಹೋಗ್ತಿದ್ರು ಅದು ಹೇಳಿ ಅಂದೆ.

ಆವರೆಗೆ ಬರೀ ಹೌದು ಇಲ್ಲ ಅಂತಿದ್ದವರು ಮಾತಾಡ್ಲಿಕ್ಕೆ ಶುರು ಮಾಡಿದ್ರು. ಬೆಳಗಿನ ಮೊದಲ ಬಸ್ಸು, ಮಳೆಗಾಲದಲ್ಲಿ ಮಧುವಾಹಿನಿ ಹೊಳೆ ಉಕ್ಕಿ ದೇವಸ್ಥಾನದ ಒಳಗೆ ನೀರು ಬಂದ್ರೂ ಅಮ್ಮ ಸೀರೆ ಎತ್ತಿ ಕಟ್ಟಿ ನಡೆದೇ ಹೋಗುವುದು. ಅಲ್ಲಿ ಮೂಲ ದೇವರು ಮದನಂತೇಶ್ವರ, ಅಂದ್ರೆ ಶಿವ, ಗಣಪತಿ ಒಬ್ಬ ಹುಡುಗ ಆಡ್ತಾ ಆಡ್ತಾ ಗರ್ಭಗುಡಿಯ ತೆಂಕು ಗೋಡೆಯಲ್ಲಿ ಬರೆದ ಚಿತ್ರ, ಅದು ದಿನ ಹೋದಂತೆ ದಪ್ಪ ಆಗ್ತಾ ಬಂತು, ಮಕ್ಕಳು ಬೊಡ್ಡಜ್ಜ ಅಂತ ಕರೆದ್ರು ಅಂತ ಕಥೆ ಉಂಟಲ್ಲ, ಅಮ್ಮನೂ ಹಾಗೇ ಕರೀತಿದ್ದದ್ದು. ಇವರಿಗೆ ಸಣ್ಣದಿರುವಾಗ ಜ್ವರ ಬಿಡದೆ ಇದ್ದಾಗ ಅಮ್ಮ ದೇವರ ನಡೆಯಲ್ಲಿ ನಿಂತು ಗಟ್ಟಿಯಾಗಿ "ಬೊಡ್ಡಜ್ಜಾ, ನೀನು ಅಪ್ಪದ ನೈವೇದ್ಯ ತಿಂದು ಆಯ್ತು, ನನ್ನ ಹುಡುಗನನ್ನು ನೋಡ್ಲಿಕ್ಕೆ ಇನ್ನೂ ಪುರ್ಸೊತ್ತಾಗ್ಲಿಲ್ವಾ" ಅಂತ ಜೋರು ಮಾಡಿದ್ರಂತೆ. ಗಣಪತಿಯನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ ಅಪರೂಪಕ್ಕೆ ಆಗುವುದು, 1992ರದ್ದಕ್ಕೆ ಇವರನ್ನು ಸೊಂಟದಲ್ಲಿ ಕೂರಿಸಿಕೊಂಡು ಹೋಗಿದ್ರು, ಇನ್ನೊಂದು ಮೂಡಪ್ಪ ನೋಡ್ಬೇಕು ಅಂತ ಕಾದು 2025ರಲ್ಲಿ ಗಾಲಿಕುರ್ಚಿಯಲ್ಲಾದ್ರೂ ಹೋಗಿ ಬಂದ್ರು.

ಅಷ್ಟು ಹೇಳಿ ನಿಲ್ಲಿಸಿ, "ಅಮ್ಮ ಒಂದು ದಿನವೂ ಹೆದರಿ ಹೋದದ್ದಲ್ಲ ಮೇಡಂ, ನಾನು ಹೋದದ್ದೆಲ್ಲ ಹೆದರಿಯೇ" ಅಂದ್ರು. ಆಮೇಲೆ ತುಂಬಾ ಹೊತ್ತು ಅತ್ರು. ಉತ್ತರಕ್ರಿಯೆಯಲ್ಲೂ ಅತ್ತಿರ್ಲಿಲ್ಲವಂತೆ.

ನಾನು ಹೇಳಿದ್ದು ಇಷ್ಟು. ವರ್ಷಾಂತಿಕದವರೆಗೆ ಹೊಸ ಪ್ರಶ್ನೆ ಬೇಡ, ಹೊಸ ಕ್ಷೇತ್ರವೂ ಬೇಡ. ಅಣ್ಣ, ಅಕ್ಕ ಎಲ್ಲ ಒಟ್ಟಿಗೆ ಕೂತು ಗಂಟು ನೋಡಿ, ಯಾವುದು ಯಾವಾಗಿನದ್ದಿರಬಹುದು ಅಂತ ಮಾತಾಡಿ, ಮಹಾಳಿ ರೋಗ ಬಂದು ಅಡಿಕೆ ಹೋದ ವರ್ಷದ್ದಾ, ಅಕ್ಕನ ಹೆರಿಗೆಯದ್ದಾ, ನೆನಪಾದದ್ದು ಒಂದು ನೋಟ್‌ಬುಕ್ಕಲ್ಲಿ ಬರೀರಿ. ಮತ್ತೆ ಎಲ್ಲವನ್ನೂ ಒಟ್ಟಿಗೆ ಅಮ್ಮ ಹೆಚ್ಚು ಹೋಗ್ತಿದ್ದ ಮಧೂರಿನಲ್ಲೇ ಕಾಣಿಕೆ ಹಾಕಿ.

ಇದಕ್ಕೆ ಎರಡೂ ಕಡೆಯಿಂದ ಮಾತು ಕೇಳಿದ್ದೇನೆ. ಕಾಣಿಕೆ ಹಾಕಿ ಅನ್ನುವುದು ಕೌನ್ಸೆಲಿಂಗಾ ಅಂತ ಕೆಲವರು, ಪ್ರಶ್ನೆ ಬೇಡ ಅನ್ಲಿಕ್ಕೆ ನೀವ್ಯಾರು ಅಂತ ಕೆಲವರು. ಪ್ರಶ್ನೆ ಸುಳ್ಳು ಅಂತ ನಾನು ಹೇಳ್ಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಆದ್ರೆ ಎದುರಿಗೆ ಕೂತವರು ನಂಬುವವರು, ಮುಡಿಪನ್ನು ಕಸ ಅಂತ ಬಿಸಾಡಿ ಅಂದ್ರೆ ಅವರ ಅಮ್ಮನನ್ನೇ ಬಿಸಾಡಿದ ಹಾಗೆ ಆಗ್ತದೆ, ಅದನ್ನು ನಾನು ಯಾವತ್ತೂ ಹೇಳುವುದಿಲ್ಲ. ಮತ್ತೆ ಮಕ್ಕಳಿಗೋಸ್ಕರ ದೇವರ ಹತ್ರವೇ ಜಗಳ ಮಾಡಿದ ಹೆಂಗಸು ಸತ್ತ ಮೇಲೆ ಅದೇ ಮಕ್ಕಳಿಗೆ ತೊಂದರೆ ಕೊಡ್ತಾರೆ ಅಂತ ನಂಬ್ಲಿಕ್ಕೆ ನನ್ನಿಂದ ಆಗುದಿಲ್ಲ, ಇದನ್ನು ಅವರಿಗೂ ಹೇಳಿದೆ.

ನಿದ್ದೆಗೆ ಡಾಕ್ಟರ ಮದ್ದು ಬಿಡ್ಬೇಡಿ ಅಂತಲೂ ಹೇಳಿದ್ದೇನೆ. ಆರು ತಿಂಗಳು ಕಳೆದ ಮೇಲೂ ದುಃಖ ದಿನದ ಕೆಲಸಕ್ಕೆ ಬಿಡದಿದ್ರೆ ಅದಕ್ಕೆ ಚಿಕಿತ್ಸೆ ಉಂಟು, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಅದು ಸೇರಿದೆ. ಮಲಯಾಳದಲ್ಲಿ ಹೇಳ್ಲಿಕ್ಕೆ ಆಗದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಲಿಕ್ಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಅಣ್ಣನಿಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ವರ್ಷಾಂತಿಕ ಕಳೆದ ಮೇಲೆ ಇನ್ನೊಮ್ಮೆ ಪ್ರಶ್ನೆ ಇಡಿಸುವ ಅಂತಿದ್ದಾರೆ. ಗಂಟು ನೋಡ್ಲಿಕ್ಕೆ ಮಾತ್ರ ಅವರೂ ಬಂದು ಕೂತಿದ್ರಂತೆ, ನೋಟ್‌ಬುಕ್ಕಲ್ಲಿ ಹೆಚ್ಚು ಬರೆಸಿದ್ದೂ ಅವರೇ.