ಓದುಗರ ಪ್ರಶ್ನೆ, ವೈದ್ಯರ ಉತ್ತರ: ಎಎಂಎಚ್ ಕಡಿಮೆ ಬಂದರೆ ಬಸಿರು ನಿಲ್ಲುವುದಿಲ್ಲವೇ?

ಪ್ರಶ್ನೆ: ನನಗೆ 29 ವರ್ಷ, ಮದುವೆಯಾಗಿ ಎರಡು ವರ್ಷ. ರಕ್ತ ಪರೀಕ್ಷೆಯಲ್ಲಿ ಎಎಂಎಚ್ (ಆ್ಯಂಟಿ-ಮುಲ್ಲೇರಿಯನ್ ಹಾರ್ಮೋನು) 1.1 ಬಂದಿದೆ. ‘ಅಂಡಾಣು ಮುಗಿಯುತ್ತ ಬಂದಿವೆ’ ಎಂದು ಯಾರೋ ಹೇಳಿದ ದಿನದಿಂದ ಅತ್ತೆಯವರು ಮಾತೇ ಆಡುತ್ತಿಲ್ಲ. ಇದನ್ನು ಹೆಚ್ಚಿಸುವ ಔಷಧ ಇದೆಯೇ?
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಖಚಿತವಾಗಿ ಹೆಚ್ಚಿಸುವ ಔಷಧ ಇಲ್ಲ. ಟಾನಿಕ್, ಪುಡಿಗಳಿಗೆ ದುಡ್ಡು ಸುರಿಯಬೇಡಿ. ಆದರೆ ಆ ಅಂಕಿಗೆ ನಿಮ್ಮ ಮನೆಯವರು ಕೊಟ್ಟಿರುವ ಅರ್ಥವೇ ತಪ್ಪು.

ಅಂಡಾಶಯದಲ್ಲಿ ಒಂದೊಂದು ಅಂಡಾಣುವೂ ತನ್ನದೇ ಫಾಲಿಕಲ್‌ನಲ್ಲಿ, ಅಂದರೆ ಸಣ್ಣ ಗುಳ್ಳೆಯಲ್ಲಿ, ಬೆಳೆಯುತ್ತದೆ. ಇನ್ನೂ ಚಿಕ್ಕದಾಗಿರುವ ಗುಳ್ಳೆಗಳ ಜೀವಕೋಶಗಳು ಎಎಂಎಚ್ ಸ್ರವಿಸುತ್ತವೆ. ಹಾಗಾಗಿ ಅದು ದಾಸ್ತಾನಿನ ಅಂದಾಜು ಮಾತ್ರ. ಹಗೇವಿನಲ್ಲಿ ಎಷ್ಟು ಚೀಲ ಜೋಳ ಇದೆ ಎಂದು ತಿಳಿದರೆ ಬಿತ್ತಿದ ಕಾಳು ಮೊಳೆಯುತ್ತದೋ ಇಲ್ಲವೋ ತಿಳಿಯುವುದಿಲ್ಲ. ಅಂಡಾಣುವಿನ ಗುಣ ಬಹುಮಟ್ಟಿಗೆ ವಯಸ್ಸಿನ ಮೇಲೆ ನಿಂತಿದೆ; 29 ನಿಮ್ಮ ಪರವಾಗಿದೆ. ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವಯಸ್ಸಿನ ಸುಮಾರು 750 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ ಮಿ.ಲೀ.ಗೆ 0.7 ನ್ಯಾನೋಗ್ರಾಂಗಿಂತ ಕಡಿಮೆ ಇದ್ದವರೂ ಉಳಿದವರಷ್ಟೇ ಸಹಜವಾಗಿ ಬಸಿರಾದರು. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸುವಾಗ ಚುಚ್ಚುಮದ್ದಿನ ಪ್ರಮಾಣ ಗೊತ್ತುಮಾಡಲು ಈ ಪರೀಕ್ಷೆ ನಿಜಕ್ಕೂ ಉಪಯೋಗ.

ವರದಿಯಲ್ಲಿ ಅಳತೆಯ ಮಾನವನ್ನೂ ನೋಡಿ. ಮಿ.ಲೀ.ಗೆ ಒಂದು ನ್ಯಾನೋಗ್ರಾಂ (ng/mL) ಎಂದರೆ ಲೀಟರಿಗೆ 7.14 ಪಿಕೋಮೋಲ್‌ಗೆ (pmol/L) ಸಮ. ಎರಡು ಲ್ಯಾಬಿನ ಅಂಕಿಗಳನ್ನು ಹಾಗೇ ಹೋಲಿಸಿ ಹೆದರಿದವರಿದ್ದಾರೆ. ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೂ ಎಎಂಎಚ್ ಇಳಿದು ಕಾಣುತ್ತದೆ.

35 ದಾಟದವರಿಗೆ ಒಂದು ವರ್ಷ, ದಾಟಿದವರಿಗೆ ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ತಪಾಸಣೆ ಬೇಕು. ನಿಮಗೆ ಆ ಅವಧಿ ಮುಗಿದಿದೆ. ಮೊದಲು ನಿಮ್ಮ ಯಜಮಾನರ ವೀರ್ಯ ಪರೀಕ್ಷೆಯಾಗಲಿ: 2ರಿಂದ 7 ದಿನ ಸಂಯಮ, ಮಾದರಿ ಒಂದು ತಾಸಿನೊಳಗೆ ಲ್ಯಾಬಿಗೆ. ಆಮೇಲೆ ನಿಮ್ಮ ಥೈರಾಯ್ಡ್, ಗರ್ಭನಾಳದ ಎಕ್ಸ್‌ರೇ. ಅತ್ತೆಯವರಿಗೂ ಈ ಉತ್ತರ ಓದಿಸಿ.

ಪ್ರಶ್ನೆ: ಹೆಂಗಸಿನ ದೇಹದಲ್ಲಿ ಹೊಸ ಅಂಡಾಣು ಹುಟ್ಟುವುದೇ ಇಲ್ಲವೇ?
— ಬಿಎಸ್‌ಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲವೆಂಬುದೇ ಇಂದಿನ ಬಲವಾದ ತಿಳಿವಳಿಕೆ. ತಾಯಿಯ ಹೊಟ್ಟೆಯಲ್ಲಿ 20ನೇ ವಾರಕ್ಕೆ ಸುಮಾರು 60–70 ಲಕ್ಷ ಇದ್ದದ್ದು, ಹುಟ್ಟುವಾಗ 10–20 ಲಕ್ಷ, ಮೈನೆರೆಯುವಾಗ 3–4 ಲಕ್ಷ. ಪಕ್ವವಾಗಿ ಹೊರಬರುವುದು ಬದುಕಿಡೀ ಸೇರಿ ಸುಮಾರು 400 ಮಾತ್ರ. ಉಳಿದವು ಗುಳ್ಳೆಯಲ್ಲೇ ಕರಗಿಹೋಗುತ್ತವೆ. ಕಪ್ಪೆಯ ಲೆಕ್ಕವೇ ಬೇರೆ, ಅದರ ಅಂಡಾಶಯ ಪ್ರಾಯದಲ್ಲೂ ಹೊಸ ಅಂಡಾಣುಗಳನ್ನು ಹುಟ್ಟಿಸುತ್ತದೆ. ಕಪ್ಪೆಗಳ ಅಂಡಾಶಯವನ್ನೂ ಫಾಲಿಕಲ್‌ಗಳು ಕರಗುವ ಬಗೆಯನ್ನೂ ಆಳವಾಗಿ ಅಧ್ಯಯನ ಮಾಡಿದ ಎಸ್.ಕೆ. ಸೈದಾಪುರ ಅವರು ನಿಮ್ಮೂರಿನ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರೇ. ಅವರ ಬರಹ ಹುಡುಕಿ ಓದಿ.

ಪ್ರಶ್ನೆ: ಫಾಲಿಕಲ್ ಸ್ಕ್ಯಾನ್‌ನಲ್ಲಿ ಗುಳ್ಳೆ 22 ಮಿ.ಮೀ. ಬೆಳೆದರೂ ಒಡೆಯಲಿಲ್ಲವಂತೆ. ಈ ತಿಂಗಳು ಗುಳ್ಳೆ ಒಡೆಯಲೆಂದು ಎಚ್‌ಸಿಜಿ ಹಾರ್ಮೋನಿನ ಚುಚ್ಚುಮದ್ದು ಬರೆದಿದ್ದಾರೆ. ಯಾವ ದಿನ ಸೇರಬೇಕು?
— ಓದುಗರು, ಬೆಟಗೇರಿ, ಗದಗ

ಉತ್ತರ: ಮೊದಲ ಅನುಮಾನ ನೋವಿನ ಗುಳಿಗೆಯ ಮೇಲೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಗುಳ್ಳೆ ಒಡೆಯುವುದನ್ನೇ ತಡೆಯಬಲ್ಲವು. ಸೊಂಟನೋವಿಗೆ ತೆಗೆದುಕೊಂಡಿದ್ದಿರಾ? ಆ ದಿನಗಳಲ್ಲಿ ಪ್ಯಾರಾಸಿಟಮಾಲ್ ಸಾಕೇ ಎಂದು ಡಾಕ್ಟರನ್ನು ಕೇಳಿ. ಒಂದು ತಿಂಗಳು ಹೀಗಾಗುವುದು ಆರೋಗ್ಯವಂತರಲ್ಲೂ ಉಂಟು. ಪದೇ ಪದೇ ಆದರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ಇದೆಯೇ ನೋಡಬೇಕು.

ಮುಟ್ಟಾದ 9–10ನೇ ದಿನದಿಂದ ದಿನಬಿಟ್ಟು ದಿನ ಸ್ಕ್ಯಾನ್ ಆಗಲಿ. ಮುಂದಾದ ಗುಳ್ಳೆ ದಿನಕ್ಕೆ ಸುಮಾರು 2 ಮಿ.ಮೀ. ಬೆಳೆದು 18 ದಾಟಿದ ಮೇಲೆ ಚುಚ್ಚುಮದ್ದು. ಅವಸರ ಮಾಡಿದರೆ ಒಳಗಿನ ಅಂಡಾಣು ಹಸಿಯಾಗಿಯೇ ಉಳಿಯುತ್ತದೆ. ನೀವು ಹುಟ್ಟುವ ಮೊದಲೇ ಅರ್ಧಕ್ಕೆ ನಿಂತಿದ್ದ ಅದರ ಕೋಶವಿಭಜನೆ ಈ ಹಾರ್ಮೋನು ತಾಗಿದ ಮೇಲೆ ಮುಂದುವರಿದು, ಅರ್ಧ ವರ್ಣತಂತುಗಳನ್ನು ಹೊರಹಾಕಿ, ವೀರ್ಯಾಣುವಿಗಾಗಿ ಮತ್ತೆ ಕಾಯುತ್ತ ನಿಲ್ಲುತ್ತದೆ. ಗುಳ್ಳೆ ಒಡೆಯಲು ಸುಮಾರು 36 ತಾಸು ಬೇಕಾಗುವುದು ಅದಕ್ಕೇ.

ಹೊರಬಂದ ಅಂಡಾಣುವಿನ ಆಯುಸ್ಸು 12–24 ತಾಸು. ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ‘ಒಡೆದಿದೆ’ ಎಂಬ ವರದಿಗೆ ಕಾದು ಕುಳಿತರೆ ತಡವಾಗುತ್ತದೆ. ಚುಚ್ಚುಮದ್ದಿನ ದಿನ ಮತ್ತು ಮುಂದಿನ ಎರಡು ದಿನ ಸೇರಿ. ಪೆಟ್ಟಿಗೆಯ ಮೇಲೆ 2–8 ಡಿಗ್ರಿ ಎಂದಿದ್ದರೆ ಔಷಧವನ್ನು ಐಸ್ ಪ್ಯಾಕ್ ಜೊತೆ ತನ್ನಿ. ಗದಗಿನ ಏಪ್ರಿಲ್ ಬಿಸಿಲಲ್ಲಿ ಬರೀ ಕೈಚೀಲ ಸಾಲದು. ಎರಡು ವಾರದವರೆಗೆ ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಬೇಡಿ, ಚುಚ್ಚಿದ ಎಚ್‌ಸಿಜಿಯೇ ಎರಡು ಗೆರೆ ತೋರಿಸಿ ಸುಳ್ಳು ಆಸೆ ಹುಟ್ಟಿಸುತ್ತದೆ.

ಪ್ರಶ್ನೆ: ಮಗಳಿಗೆ ಪಿಸಿಓಡಿ, ಅಂಡಾಶಯದ ತುಂಬ ಗಡ್ಡೆಗಳಿವೆಯಂತೆ. ಆ ಗಡ್ಡೆಗಳನ್ನು ಆಪರೇಶನ್ ಮಾಡಿ ತೆಗೆಸಬೇಕೇ?
— ತಾಯಿ, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಬೇಡ. ಅವು ಗಡ್ಡೆಗಳಲ್ಲ, 2–9 ಮಿ.ಮೀ.ಗೆ ಬೆಳವಣಿಗೆ ನಿಂತ ಫಾಲಿಕಲ್‌ಗಳೇ. ತೂಕ ಹೆಚ್ಚಿದ್ದರೆ ನೂರಕ್ಕೆ 5–10ರಷ್ಟು ಇಳಿಸಿದಾಗ ಎಷ್ಟೋ ಹೆಣ್ಣುಮಕ್ಕಳಿಗೆ ಮುಟ್ಟು ತಾನಾಗಿ ಸರಿಹೋಗುತ್ತದೆ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಮಾತ್ರ ಸುಮ್ಮನಿರಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ.