ಮಗುವಿನ ರಿಪೋರ್ಟ್ ನೋಡಿದಿರಿ, ತಾಯಿಯದ್ದು?

‘ನಮ್ಮ ಮಗುವಿಗೆ ನಾಲ್ಕು ತಿಂಗಳು. ಹಾಲಿನ ಪುಡಿ ಡಬ್ಬಿಯ ಮೇಲೆ ಬಿ12, ಫೋಲೇಟ್ ಎಂಬ ವಿಟಮಿನ್ ಎಷ್ಟೆಷ್ಟಿದೆ ಎಂದು ಬರೆದಿರುತ್ತದೆ. ಎದೆಹಾಲಿಗೆ ಅಂಥ ಲೆಕ್ಕವೇ ಇಲ್ಲ. ಆದರೂ ಅದೇ ಮೇಲು ಅನ್ನುವುದು ಸುಮ್ನೆ ಭಾವುಕತೆ ಅಲ್ವಾ?’
– ಓದುಗರೊಬ್ಬರು

ಲೆಕ್ಕ ಕೇಳುವ ಅಪ್ಪಂದಿರು ಜಾಸ್ತಿಯಾಗಲಿ. ಹಾಲು ಸಾಲದ ತಾಯಂದಿರಿಗೆ ಡಬ್ಬಿ ನೆರವಾಗಿದೆ, ಒಪ್ಪಿದೆ. ಆದರೆ ಲೇಬಲ್ಲನ್ನು ಅಷ್ಟು ನಂಬಬೇಡಿ. 2003ರಲ್ಲಿ ಇಸ್ರೇಲಿನಲ್ಲಿ ಒಂದು ಸೋಯಾ ಪುಡಿಯ ಲೇಬಲ್ಲಿನಲ್ಲಿ ಬಿ1 ವಿಟಮಿನ್ ಇತ್ತು, ಒಳಗೆ ಇರಲಿಲ್ಲವೆಂದೇ ಹೇಳಬೇಕು. ಕೂಸುಗಳು ಸತ್ತವು.

ಇನ್ನು, ಹೊಟ್ಟೆಗೆ ಹೋದದ್ದೆಲ್ಲ ಮೈಗೆ ಹತ್ತುವುದಿಲ್ಲ. ಜಠರದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಬಿ12 ಅನ್ನು ಹಿಡಿದು ಸಣ್ಣಕರುಳಿನ ಕೊನೆಗೆ ಮುಟ್ಟಿಸಬೇಕು. ಹಸುಗೂಸಿನಲ್ಲಿ ಅದಿನ್ನೂ ಕಡಿಮೆ. ಎದೆಹಾಲಿನ ಬಿ12 ಒಂಟಿಯಾಗಿ ಬರುವುದಿಲ್ಲ, ಹ್ಯಾಪ್ಟೊಕಾರಿನ್ ಎಂಬ ಪ್ರೋಟೀನನ್ನು ಅಂಟಿಕೊಂಡೇ ಬರುತ್ತದೆ. ಫೋಲೇಟಿಗೂ ಅಂಥದ್ದೇ ಒಬ್ಬ ಜೊತೆಗಾರ. ಇದನ್ನು ಯಾವ ಡಬ್ಬಿಯ ಮೇಲೆ ಓದಿದ್ದೀರಿ? ರಕ್ತ ಸೇರಿದ ಮೇಲೂ ಬಿ12 ಜೀವಕೋಶದೊಳಗೆ ಹೋಗಲು ಟ್ರಾನ್ಸ್‌ಕೊಬಾಲಮಿನ್ ಎಂಬ ಇನ್ನೊಂದು ಪ್ರೋಟೀನ್ ಬೇಕು. ಅದಿಲ್ಲದೆ ಹುಟ್ಟುವ ಅಪರೂಪದ ಮಕ್ಕಳಿದ್ದಾರೆ. ರಿಪೋರ್ಟಿನಲ್ಲಿ ಬಿ12 ಸರಿಯಾಗೇ ಕಾಣಬಹುದು, ಜೀವಕೋಶಗಳಿಗೆ ಮಾತ್ರ ಉಪವಾಸ.

ನಿಮ್ಮ ಪತ್ರದಲ್ಲಿ ಮಗು ಇದೆ, ಡಬ್ಬಿ ಇದೆ. ನಿಮ್ಮ ಹೆಂಡತಿ ಎಲ್ಲಿ? ನನ್ನ ತಕರಾರು ಅದೇ. ಫೋಲೇಟ್ ವಿಷಯದಲ್ಲಿ ತಾಯಿಯ ಮೈ ತಾನು ಬರಿದಾಗುತ್ತಿದ್ದರೂ ಹಾಲಿಗೆ ಕಡಿಮೆ ಮಾಡುವುದಿಲ್ಲ. ಮಗು ಗುಂಡಗಿರುತ್ತದೆ, ಅಮ್ಮ ಸೊರಗುತ್ತಾಳೆ. ಬಿ12 ಹಾಗಲ್ಲ. ತಾಯಿಗೆ ಕೊರತೆಯಾದರೆ ಹಾಲಿಗೂ ಕೊರತೆ. ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟದೆ, ಮಾತ್ರೆಯನ್ನೂ ನುಂಗದೆ ಇರುವ ತಾಯಿಯ ಕೂಸಿಗೆ ಹುಟ್ಟುವಾಗ ಸಿಕ್ಕ ದಾಸ್ತಾನೇ ಕಡಿಮೆ. ಅದು ಮುಗಿದ ಮೇಲೆ ಮಗು ಮಂಕಾಗುತ್ತದೆ, ಕಲಿತ ನಗುವನ್ನೂ ಮರೆಯಬಹುದು. ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ ಸಾಕಾಗುವುದು ಬರೀ 0.4 ಮೈಕ್ರೋಗ್ರಾಂ!

ಬಸುರಿಯನ್ನು ಊರೆಲ್ಲ ವಿಚಾರಿಸುತ್ತದೆ. ಹೆತ್ತ ಮರುದಿನದಿಂದ ತೂಕ, ಲಸಿಕೆ, ಪರೀಕ್ಷೆ ಎಲ್ಲ ಮಗುವಿನದೇ. ಪತ್ರಿಕೆಗೆ ಬರುವ ಲೇಖನಗಳೂ ಹಾಗೇ: ಮಗುವಿನ ಊಟದ ಬಗ್ಗೆ ರಾಶಿ ರಾಶಿ, ಬಾಣಂತಿಯ ರಕ್ತದಲ್ಲಿ ಏನಿದೆ ಎಂದು ಬರೆಯುವವರಿಲ್ಲ. ವಿಟಮಿನ್ ಮಾರುವವರಿಗೂ ತೊಟ್ಟಿಲ ಚಿತ್ರವೇ ಬೇಕು.

ಲೆಕ್ಕ ನಿಮಗೆ ಇಷ್ಟ ತಾನೆ? ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹೆಂಡತಿಗೂ ಬಿ12 ಪರೀಕ್ಷೆ ಬೇಕಾ ಎಂದು ಕೇಳಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಅಥವಾ ಅವರ ಕೈಲೇ ಬರೆಸಿ.